ಅಳಿಯಂದಿರು ಹೇಳಿದ ಓಟ

ಓಣಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಯೋಗಿರಾಜ ಚಹದ ಕಪ್ಪನ್ನು ಗಚ್ಚಿಯ ಕಟ್ಟೆಯ ಮೇಲಿಟ್ಟು ಕಿವಿಗೊಟ್ಟ. ಅವನಿಗೆ ಬೇಕಾದದ್ದು ಸ್ಕೂಟರಿನ ಸದ್ದಲ್ಲ, ಅದರ ಹಿಂದೆ ಡಾಂಬರಿನ ಮೇಲೆ ಬರುವ ಉಗುರುಗಳ ಸದ್ದು. ಹೋದ ವಾರದವರೆಗೆ ಅದು ಮೊರದಿಂದ ಸುರಿದ ಜೋಳದ ಹಾಗೆ ಒಂದೇ ಸಮನೆ ಬೀಳುತ್ತಿತ್ತು. ಈಗ ನಡುವೆ ಒಂದು ಸಣ್ಣ ತಡೆ. ಒಂದು ಕಾಲು ನೆಲಕ್ಕೆ ಪೂರಾ ಊರದೆ ಗಡಿಬಿಡಿಯಲ್ಲಿ ಎದ್ದುಬಿಡುತ್ತಿತ್ತು. ಇದು ತನ್ನೊಬ್ಬನಿಗೇ ಕೇಳಿಸುತ್ತಿದೆಯೋ, ಇಡೀ ಓಣಿಗೆ ಕೇಳಿಸಿಯೂ ಯಾರೂ ಬಾಯಿಬಿಡುತ್ತಿಲ್ಲವೋ ತಿಳಿಯದೆ ಅವನು ಕಟ್ಟೆಯ ಮೇಲಿಂದ ಬಗ್ಗಿ ನೋಡಿದ. ಕೆಳಗೆ ಬಾಗಿಲಲ್ಲಿ ಮಾವ ಚನ್ನವೀರಪ್ಪನವರು ನಿಂತಿದ್ದರು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ನಾಯಿಮರಿಯ ಓಟ ನೋಡಲು ಬಂದು ನಿಲ್ಲುವುದು ಅವರ ಹೊಸ ರೂಢಿ. ಅವರ ಪೂಜೆ ಮುಗಿಯುವ ಹೊತ್ತಿಗೆ ಸೊಲ್ಲಾಪುರದ ಬಿಸಿಲು ಗೋಡೆ ಇಳಿದು ರಸ್ತೆಗೆ ಬಂದಿರುತ್ತಿತ್ತು. ಎದುರುಮನೆಯವರಿಗೆ ಕೇಳುವ ಹಾಗೆ ಅವರು ಅಂದರು: “ನಮ್ಮ ಅಳಿಯಂದ್ರು ಹೇಳಿದ ಪದ್ಧತಿ ರೀ ಇದು. ಅವರ ಊರು ಹನ್ನೂರ ಕಡಿ ಹಿಂಗ ಓಡಸ್ತಾರಂತ.” ಸ್ಕೂಟರು ನಿಂತಿತು. ಮಾವನವರ ಚಾದರದ ಅಂಗಡಿಯ ಆಳು ಧನರಾಜ ಇಳಿದು, ಸ್ಕೂಟರಿಗೆ ಕಟ್ಟಿದ್ದ ಹಗ್ಗ ಬಿಚ್ಚಿದ. ಬಿಜಲಿ ಎಂಬ ಆ ಐದು ತಿಂಗಳ, ಕಾರವಾನಿ ಬೇಟೆನಾಯಿಯ ತಳಿಯ ಹೆಣ್ಣುಮರಿ ನಾಲಿಗೆ ಗಜದುದ್ದ ಹೊರಹಾಕಿ ಮಾವನವರ ಸುತ್ತ ಕುಣಿಯಿತು. ಕುಣಿಯುವಾಗಲೂ ಮುಂದಿನ ಎಡಗಾಲು ನೆಲಕ್ಕೆ ತಾಗಿಯೂ ತಾಗದ ಹಾಗಿತ್ತು.

ಪದ್ಧತಿಯಂತೆ! ಆ ಪದ್ಧತಿ ಹುಟ್ಟಿದ್ದು ಒಂದು ರೊಟ್ಟಿ ಮುರಿಯುವಷ್ಟು ಹೊತ್ತಿನಲ್ಲಿ. ಅಕ್ಕಲಕೋಟ ಕಡೆಯ ಹಳೆಯ ಗಿರಾಕಿಯೊಬ್ಬ, ನಿಮ್ಮ ಅಳಿಯನ ಸೀಮೆಯ ತಳಿ, ಇರಲಿ ಎಂದು ಮರಿಯನ್ನು ಅಂಗಡಿಗೆ ತಂದು ಕೊಟ್ಟುಹೋಗಿದ್ದ. ಮನೆಗೆ ಬಂದ ದಿನವೇ ಅದು ಅತ್ತೆ ಲೀಲಾಬಾಯಿಯವರ ಚಪ್ಪಲಿ, ಮಾವನವರ ಕನ್ನಡಕದ ಡಬ್ಬಿ, ಮಾದರಿಗೆಂದು ತಂದಿಟ್ಟಿದ್ದ ಹೊಸ ಚಾದರದ ಅಂಚು ಎಲ್ಲವನ್ನೂ ವಿಚಾರಿಸಿಕೊಂಡಿತು. ಅಡ್ಡಾಡಿ ಅಡ್ಡಾಡಿ, ಗೋಡೆಗೆ ಹಾಯ್ದು, ತಿರುಗಿ ಓಡಿ, ಮತ್ತೆ ಗೋಡೆಗೆ ಹಾಯುತ್ತಿತ್ತು. ಊಟಕ್ಕೆ ಕುಳಿತಾಗ ಮಾವನವರು ಮರ್ಯಾದೆಗೆಂದು, ಬರೀ ಮರ್ಯಾದೆಗೆಂದು ಕೇಳಿದರು: “ಅಳಿಯಂದ್ರ, ನಿಮ್ಮ ಕಡಿ ಇವನ್ನ ಹೆಂಗ ಸಂಭಾಳಸ್ತಾರ್ರಿ?” ಆ ಮನೆಯಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಬಾಯಿಯಲ್ಲಿ ಶೇಂಗಾ ಚಟ್ನಿ ಇತ್ತು. ನುಂಗುವಷ್ಟರಲ್ಲಿ ಏನಾದರೂ ಹೇಳಲೇಬೇಕೆಂಬ ಆತುರ ಅವನನ್ನು ಹಿಡಿಯಿತು. “ಓಡಸಬೇಕ್ರಿ. ಸ್ಕೂಟರಿಗಿ ಕಟ್ಟಿ ದಣಿಯೂ ತನಕ ಓಡಿಸಿದ್ರ ಶಾಣ್ಯಾ ಆಗ್ತಾವರಿ ಇವು,” ಎಂದ. ಹೆಂಡತಿ ಉಜ್ವಲಾ ನೀಡುವ ಕೈ ತಡೆದು ಅವನನ್ನು ನೋಡಿದಳು, ಆ ನೋಟದಲ್ಲಿ ಹೆಮ್ಮೆಯಿತ್ತು. ಆ ನೋಟಕ್ಕಾಗಿಯಾದರೂ ಅವನು ಇನ್ನೊಂದಿಷ್ಟು ಸೇರಿಸಿದ: ಕಾರವಾನಿ ಅಂದರೆ ಓಟ, ಓಟ ಅಂದರೆ ಕಾರವಾನಿ. ನಿಜ ಹೇಳಬೇಕೆಂದರೆ ಹನ್ನೂರಿನ ಅವನ ಮನೆಯಲ್ಲಿ ನಾಯಿಯನ್ನೇ ಸಾಕಿರಲಿಲ್ಲ. ಮಗ್ಗುಲ ಮನೆಯ ಅಮೋಗಸಿದ್ಧನ ನಾಯಿ ಎತ್ತಿನ ಬಂಡಿಯ ಕೆಳಗೆ, ಅಚ್ಚಿಗೆ ಹಗ್ಗದಿಂದ ಕಟ್ಟಿಸಿಕೊಂಡು, ಬಂಡಿಯದೇ ನೆರಳಿನಲ್ಲಿ, ಎತ್ತಿನ ನಡಿಗೆಯಲ್ಲಿ ಹೊಲಕ್ಕೆ ಹೋಗುವುದನ್ನು ಹುಡುಗನಾಗಿದ್ದಾಗ ಸಾಲಿಗೆ ಹೋಗುವಾಗ ನೋಡಿದ್ದ, ಅಷ್ಟೇ. ಅದೂ ದೊಡ್ಡ ನಾಯಿ, ಮುದಿಯಾಗುತ್ತ ಬಂದದ್ದು. ಆ ನೆರಳು, ಆ ನಿಧಾನ, ಆ ಮಣ್ಣುದಾರಿ ಎಲ್ಲವನ್ನೂ ಬಿಟ್ಟು ಹಗ್ಗವೊಂದನ್ನೇ ಅವನ ನಾಲಗೆ ಸೊಲ್ಲಾಪುರಕ್ಕೆ ತಂದಿತ್ತು.

ಬೇರೆ ಯಾರಾದರೂ ಹೇಳಿದ್ದರೆ ಅದು ಊಟದ ಮಾತಾಗಿ ಊಟದೊಂದಿಗೇ ಮುಗಿಯುತ್ತಿತ್ತು. ಆದರೆ ಅವನು ಅಳಿಯ. ಒಬ್ಬಳೇ ಮಗಳ ಗಂಡ, ಮನೆಯಲ್ಲೇ ಇಟ್ಟುಕೊಂಡ ಅಳಿಯ. ಚನ್ನವೀರಪ್ಪನವರ ಮನೆತನದಲ್ಲಿ ಅಳಿಯನಿಗೆ ಎದುರು ಮಾತಿಲ್ಲ. ಅಂಗಡಿಯಲ್ಲಿ ಅವನಿಗೆ ಫ್ಯಾನಿನ ಕೆಳಗೆ ಗಾದಿಯ ಮಗ್ಗುಲಿಗೆ ಒಂದು ಕುರ್ಚಿ ಇತ್ತು. ಚಹ ಬಂದರೆ ಮೊದಲು ಅವನಿಗೆ, ಕೆನೆಯೂ ಅವನಿಗೆ. ವ್ಯಾಪಾರದ ಮಾತು ಬಂದಾಗ ಮಾತ್ರ ಎಲ್ಲರ ಕಣ್ಣು ಅವನ ತಲೆಯ ಮೇಲಿಂದ ಹಾಯ್ದು ಹೋಗುತ್ತಿತ್ತು. ಒಮ್ಮೆ ಗಿರಾಕಿಯೊಬ್ಬ ಟಾವೆಲ್ಲಿನ ದರ ಕೇಳಿದಾಗ ಇವನು ಬಾಯಿ ತೆರೆದ. ತೆರೆದ ಬಾಯಿಗೆ ಧನರಾಜ ತಟ್ಟನೆ ಎಲೆಯಡಿಕೆಯ ತಟ್ಟೆ ಹಿಡಿದು, “ತಗೋರಿ ಜಾವಯಿಬಾಪೂ,” ಎಂದ, ಅಳಿಯದೇವರೇ ಎನ್ನುವ ಮರಾಠಿ ಮರ್ಯಾದೆಯಲ್ಲಿ. ಬೈದಿದ್ದರೆ ತಿರುಗಿ ಬಯ್ಯಬಹುದಿತ್ತು. ತಳ್ಳಿದ್ದರೆ ಎದ್ದು ಹೋಗಬಹುದಿತ್ತು. ಈ ರೀ ರೀ ಎನ್ನುವ ಮರ್ಯಾದೆಗೆ ಬಾಗಿಲೇ ಇರಲಿಲ್ಲ. ಸಾಲು ಸಾಲಾಗಿ ಅವನ ಮಾತುಗಳೆಲ್ಲ ಹೀಗೆ ಗಾಳಿಗೆ ಹೋಗಿರುವಾಗ, ಈ ಒಂದು ಸುಳ್ಳು ಮಾತನ್ನು ಇಡೀ ಮನೆ ಎತ್ತಿಕೊಂಡು ದೇವರ ಜಗಲಿಯ ಮೇಲಿಟ್ಟು ನಡೆಸತೊಡಗಿತು. ಮರುದಿನದಿಂದಲೇ ಧನರಾಜನಿಗೆ ಹುಕುಂ ಆಯಿತು. ಬಿಸಿಲು ಏರಿದರೂ ಓಟ ತಪ್ಪಲಿಲ್ಲ, ಯಾಕೆಂದರೆ ಅಳಿಯಂದಿರು ಹೇಳಿದ್ದಾರೆ. ಮರಿ ಓಡಿ ಬಂದು ನೆರಳಲ್ಲಿ ಬಿದ್ದು ಏದುತ್ತಿದ್ದರೆ ಲೀಲಾಬಾಯಿ ನೀರಿನ ಬೋಗುಣಿ ಇಡುತ್ತ, “ಪಾಪ, ಭಾಳ ದಣದದ,” ಎನ್ನುವರು. ಮರುಗಳಿಗೆಯೇ ಗಚ್ಚಿಯ ಕಡೆ ನೋಡಿ ಸೆರಗು ಸರಿಮಾಡಿಕೊಂಡು, “ಆದ್ರ ಅವರಿಗಿ ಗೊತ್ತಿರತದ,” ಎನ್ನುವರು.

ಮೊನ್ನೆ ಬುಧವಾರ ಅವನು ಕಳ್ಳನ ಹಾಗೆ ಮರಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಹೋಗಿದ್ದ. ಮನೆಯಲ್ಲಿ ಹೇಳಿದ್ದು, ಉಗುರು ಕತ್ತರಿಸಿಕೊಂಡು ಬರುತ್ತೇನೆಂದು. ಡಾಕ್ಟರು ಪ್ರಾಜಕ್ತಾ ಎಂಬ ಹುಡುಗಿ, ಕಲಿತು ಹೊರಬಂದು ಬಹಳ ದಿನವಾಗಿರಲಾರದು. ಮರಾಠಿಯಲ್ಲಿ ಆರಂಭಿಸಿ, ಇವನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಇಳಿದಳು. ಎಡಗಾಲಿನ ಮಣಿಕಟ್ಟು ಒತ್ತಿದಾಗ ಬಿಜಲಿ ಕುಂಯ್ ಎಂದಿತು. ಅಂಗಾಲು ತಿರುಗಿಸಿ ತೋರಿಸಿದಳು, ಕರಿಯ ಮೆತ್ತೆಗಳ ಮೇಲಿನ ತೊಗಲು ಅಲ್ಲಲ್ಲಿ ಕಿತ್ತು ಒಳಗಿನ ಕೆಂಪು ಕಾಣುತ್ತಿತ್ತು. “ಇದು ಬೆಳೆಯೂ ಎಲುಬರಿ. ತುದಿಗಳು ಇನ್ನಾ ಮೆತ್ತಗ ಅದಾವ. ಇಲ್ಲಿ ಬಾವು ಬಂದದ ನೋಡ್ರಿ. ಹಿಂಗ ಓಡಸ್ಕೋತ ಹೋದ್ರ ಕಾಲ ಸೊಟ್ಟ ಬೆಳೀತದ, ಆಮ್ಯಾಲ ಯಾರಿಂದಲೂ ನೆಟ್ಟಗ ಮಾಡಾಕ ಆಗಂಗಿಲ್ಲ,” ಎಂದಳು. ಹದಿನೈದು ದಿನ ಓಟ ಪೂರಾ ಬಂದ್. ಅವನು, ಓಡಿಸದಿದ್ದರೆ ಮನೆ ಹರಿದು ಹಾಕುತ್ತದಲ್ಲ ಎಂದ. “ಓಡಬಾರದು ಅಂತಲ್ಲರಿ. ಕಾಲ ನೆಟ್ಟಗಾದ ಮ್ಯಾಲ ಮಣ್ಣಿನ್ಯಾಗ ಬಿಡ್ರಿ, ಬಿಸಲ ಬರೂದರಾಗ. ತಾನಾಗೇ ಓಡ್ಲಿ, ತಾನಾಗೇ ನಿಂದರ್ಲಿ. ಸ್ಕೂಟರಿಗಿ ಕಟ್ಟಿದ್ರ ನಿಂದರೂದು ಅದರ ಕೈಯಾಗ ಇರಂಗಿಲ್ಲಲ್ಲ? ಅಲ್ಲೀತನಕ ಮನ್ಯಾಗ ಮೂಸಾಕ ಕೆಲಸ ಕೊಡ್ರಿ. ಹಳೇ ಚಾದರ ಮುದ್ದಿ ಮಾಡಿ ಒಳಗ ರೊಟ್ಟಿ ತುಂಡ ಅಡಗಿಸಿ ಇಡ್ರಿ, ಹುಡುಕ್ತದ. ತಲಿ ದಣದ್ರೂ ಮಕ್ಕೋತದ.” ಆಮೇಲೆ ಕೈ ತೊಳೆಯುತ್ತ ಕೇಳಿದಳು: “ಸ್ಕೂಟರಿಗಿ ಕಟ್ಟಾಕ ಯಾರ್ ಹೇಳಿದ್ರು?” ಯೋಗಿರಾಜ ಮರಿಯ ಕಿವಿಯನ್ನೇ ನೋಡುತ್ತ, “ಮನ್ಯಾಗ ಒಬ್ಬರು ಹಿರೇರು ಅದಾರರಿ,” ಎಂದ. “ಅವರಿಗಿ ತಿಳಿಸಿ ಹೇಳ್ರಿ ಮತ್ತ,” ಎಂದಳು. ಅವಳೆದುರು ಗೋಣು ಹಾಕಿ, ಇಲ್ಲದ ಆ ಹಿರಿಯನಿಗೆ ತಾನೇ ಹೇಳಿಬಿಡುವವನಂತೆ ಹೊರಬಂದ. ರಿಕ್ಷಾದಲ್ಲಿ ಮರಿ ಅವನ ತೊಡೆಯ ಮೇಲೆ ಗದ್ದವಿಟ್ಟಿತು. ಅದರ ತಲೆ ಎಷ್ಟು ಹಗುರ ಎಂದು ಅವನಿಗೆ ದುಃಖವಾಯಿತು.

ಅಂದು ಮಧ್ಯಾಹ್ನ ಮೇಲಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಹಳೆಯ ಚಾದರದಲ್ಲಿ ರೊಟ್ಟಿ ಅಡಗಿಸಿಟ್ಟ. ಬಿಜಲಿ ಮೂಗು ತೂರಿಸಿ, ಸೀನಿ, ಮಡಿಕೆ ಮಡಿಕೆ ಬಿಚ್ಚಿ ಹುಡುಕಿತು. ಕೊನೆಯ ತುಂಡು ಸಿಕ್ಕಮೇಲೆ ಅದೇ ಚಾದರದ ಮೇಲೆ ಸುರುಳಿ ಸುತ್ತಿ ನಿದ್ದೆಹೋಯಿತು. ಗೋಡೆಗೆ ಹಾಯುವ ಆ ಪ್ರಾಣಿ ಹಾಗೆ ಮಲಗಿದ್ದನ್ನು ನೋಡುತ್ತ ಅವನು ಒಬ್ಬನೇ ನಕ್ಕ. ಇಷ್ಟು ಖುಷಿಯಾಗಿ ಅವನು ಆ ಖೋಲಿಯಲ್ಲಿ ಎಂದೂ ಕುಳಿತಿರಲಿಲ್ಲ. ನಾಳೆ ಹೇಳಿಬಿಡಬೇಕು ಎಂದುಕೊಂಡ. ಆದರೆ ಗುರುವಾರ ಬೆಳಿಗ್ಗೆ ಅವನು ಬಚ್ಚಲಿನಲ್ಲಿ ಬೇಕೆಂದೇ ತಡಮಾಡಿದ, ನೀರಿನ ಸದ್ದಿನಲ್ಲಿ ಸ್ಕೂಟರಿನ ಸದ್ದು ಮುಳುಗಲೆಂದು. ಶುಕ್ರವಾರ ಬಾಗಿಲವರೆಗೆ ಬಂದ. ಬಾಗಿ ರಸ್ತೆಗೆ ಹಿಂಗೈ ಹಚ್ಚಿ ನೋಡಿದ, ಹತ್ತು ಎಣಿಸುವಷ್ಟು ಹೊತ್ತೂ ಆ ಬಿಸಿಗೆ ಇಡಲಾಗಲಿಲ್ಲ. “ಏನ್ ಬಿದ್ದದರಿ ಜಾವಯಿಬಾಪೂ?” ಎಂದು ಧನರಾಜ ಓಡಿ ಬಂದು ತಾನೂ ಹುಡುಕತೊಡಗಿದ. “ಏನಿಲ್ಲ,” ಎಂದು ಯೋಗಿರಾಜ ಎದ್ದು ನಿಂತ. ಸ್ಕೂಟರು ಹೋಯಿತು, ಹಗ್ಗ ಬಿಗಿಯಿತು, ಮರಿ ಓಡಿತು. ಡಾಕ್ಟರ ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೊರಹಾಕಿದರೆ ಅದರ ಹಿಂದೆಯೇ ಇನ್ನೊಂದು ಮಾತು ಬರಬೇಕಾಗುತ್ತಿತ್ತು: ನನಗೆ ಏನೂ ಗೊತ್ತಿರಲಿಲ್ಲ. ಆ ಎರಡನೆಯದಕ್ಕಾಗಿ ಅವನು ಮೊದಲನೆಯದನ್ನು ನುಂಗಿದ.

ಇಂದು, ಶನಿವಾರ, ಗಚ್ಚಿಯ ಮೇಲೆ ನಿಂತು ಕಿವಿಗೊಟ್ಟದ್ದಷ್ಟೇ ಆಯಿತು. ನಾಳೆ ಐತವಾರ ಮುಂಜಾನೆ ಬೋರಾಮಣಿಯ ಹುಲ್ಲುಮಾಳದಲ್ಲಿ ಬಿಜಲಿಯ ಓಟ ತೋರಿಸುತ್ತೇನೆಂದು ಮಾವನವರು ಪೇಟೆಯ ಗೆಳೆಯರನ್ನೆಲ್ಲ ಕರೆದುಬಿಟ್ಟಿದ್ದರು. ಊಟದ ಹೊತ್ತಿಗೆ ಯೋಗಿರಾಜ ಧೈರ್ಯ ಕೂಡಿಸಿಕೊಂಡು ತಟ್ಟೆಯನ್ನೇ ನೋಡುತ್ತ ಅಂದ: “ನಾಳಿ ಓಡಸೂದು ಬ್ಯಾಡರಿ.” ಲೀಲಾಬಾಯಿಯವರ ಕೈಯ ಸೌಟು ನಿಂತಿತು. ಚನ್ನವೀರಪ್ಪನವರು ಹೆಂಡತಿಯನ್ನು ನೋಡಿದರು, ಹೆಂಡತಿ ಮಗಳನ್ನು ನೋಡಿದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೇನೋ. ಅಳಿಯನನ್ನು ಯಾಕೆ ಎಂದು ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಅಳಿಯ ಊಟದ ಮುಂದೆ ಬೇಡ ಅಂದರೆ ಅವರಿಗೆ ಒಂದೇ ಅರ್ಥ: ಮುನಿಸು. ಮದುವೆಯಲ್ಲಿ ರುಸವಾ ಎಂಬ ಶಾಸ್ತ್ರವುಂಟು. ಮದುಮಗ ಊಟಕ್ಕೆ ಕುಳಿತು ತುತ್ತು ಎತ್ತದೆ ಮುಖ ಗಂಟು ಹಾಕಬೇಕು, ಬೀಗರು ಏನಾದರೂ ಕೊಟ್ಟು ಒಲಿಸಬೇಕು. ತನ್ನ ಮದುವೆಯಲ್ಲಿ ಮುನಿಯಲು ಬಾರದೆ ಅವನು ನಕ್ಕುಬಿಟ್ಟು, ಹಿಂದೆ ಕುಳಿತ ಕಾಕಾನಿಂದ ಚಿವುಟಿಸಿಕೊಂಡಿದ್ದ. ಇಂದು ಬೇಡದೆಯೇ ಅದು ಬಂದು ಕುಳಿತಿತು. ಶೇಂಗಾ ಹೋಳಿಗೆಯ ಮೇಲೆ ಇನ್ನೊಂದು ಹೋಳಿಗೆ ಬಿತ್ತು, ತುಪ್ಪ ಸುರಿಯಿತು. ಸಂಜೆ ದೀಪ ಹಚ್ಚಿದ ಮೇಲೆ ಅವನನ್ನು ಮಣೆಯ ಮೇಲೆ ಕೂಡಿಸಿ ಆಯೇರಿ ಮಾಡಿದರು: ಹೊಸ ಅಂಗಿ, ಬಿಳಿ ಟಾವೆಲ್, ಬಿಳಿ ಟೋಪಿ. “ಏನರೆ ತಪ್ಪಾಗಿದ್ರ ಹೊಟ್ಟ್ಯಾಗ ಹಾಕೋರಿ,” ಎಂದು ಚನ್ನವೀರಪ್ಪನವರು ಕೈಮುಗಿದರು. “ನಾಳಿ ನಿಮ್ಮ ಕೈಲೇನ ಓಟ ಶುರು ಆಗಬೇಕು. ನೀವು ಕೈ ಇಳಿಸಿದ ಮ್ಯಾಲೇನ ಧನರಾಜ ಗಾಡಿ ಬಿಡಾಂವ.” ಟೋಪಿಯ ಕೆಳಗೆ ಅವನ ತಲೆ ಬೆವರಿತು.

ಖೋಲಿಗೆ ಬಂದ ಮೇಲೆ ಉಜ್ವಲಾ ಅಂಗಿಯ ಬಟ್ಟೆ ಸವರಿ ನೋಡುತ್ತ, “ಛಲೋ ಆರಿಸ್ಯಾರ ಅಪ್ಪ,” ಎಂದಳು. ಅವನು ಮಂಚದ ಅಂಚಿಗೆ ಕುಳಿತು, “ಮರಿ ಕಾಲ ಕುಂಟಾಕತ್ತದ, ಉಜ್ವಲಾ,” ಎಂದ. ಅವಳು ತಲೆಯೆತ್ತಲಿಲ್ಲ. “ಗೊತ್ತದ,” ಎಂದಳು. ಅವನು ಅವಳ ಕಡೆ ತಿರುಗಿದ. “ಗೊತ್ತಿದ್ದೂ ಸುಮ್ಮ ಇದ್ದ್ಯಾ?” ಅವಳು ಬಟ್ಟೆ ಮಡಚಿ ಕಪಾಟಿನಲ್ಲಿಟ್ಟು ಬಂದು ಎದುರಿಗೆ ನಿಂತಳು. “ಈ ಮನ್ಯಾಗ ನಿಮ್ಮ ಒಂದ ಮಾತು ನಡದದ. ಒಂದಽ ಒಂದು. ಅಪ್ಪ ಪ್ಯಾಟ್ಯಾಗ ಎಲ್ಲಾರ ಮುಂದ ನಮ್ಮ ಅಳಿಯಂದ್ರು, ನಮ್ಮ ಅಳಿಯಂದ್ರು ಅಂತ ಹೇಳಕೋತ ಅಡ್ಡಾಡಾಕತ್ತ್ಯಾರ. ಹಿಂದ ಯಾವತ್ತರೆ ಅಂದಿದ್ರೇನು? ಅದನ್ನೂ ವಾಪಸ್ ತಗೋತೀರಿ ಅಂದ್ರ ತಗೋರಿ. ನಾ ಬ್ಯಾಡ ಅನ್ನಂಗಿಲ್ಲ.” ಅವಳ ಕಣ್ಣಲ್ಲಿ ನೀರಿತ್ತು. ಅಷ್ಟು ದಿನ ಅಂಗಡಿಯ ಆ ಕುರ್ಚಿ ತನ್ನೊಬ್ಬನನ್ನೇ ಚುಚ್ಚುತ್ತಿದೆ ಎಂದುಕೊಂಡಿದ್ದ. ಇವಳೂ ಅದರ ಮೇಲೆಯೇ ಕುಳಿತಿದ್ದಳು. ಡಾಕ್ಟರ ಹೆಸರೆತ್ತದೆ ಅವನು ದೀಪ ಆರಿಸಿದ.

ಬೋರಾಮಣಿಯ ಮಾಳದಲ್ಲಿ ಹುಲ್ಲು ಒಣಗಿ ನೆಲಕ್ಕೆ ಒರಗಿತ್ತು. ನಡುವೆ ಗಾಡಿಗಳು ಅಡ್ಡಾಡಿ ಗಟ್ಟಿಯಾದ ದಾರಿ, ಕಲ್ಲು ಮೇಲೆದ್ದ ದಾರಿ. ಕಾರುಗಳು ಸಾಲಾಗಿ ನಿಂತವು. ಪೇಟೆಯ ಮಂದಿ ಡಬ್ಬಿ ಬಿಚ್ಚಿ ಚುರುಮುರಿ ಒಗ್ಗರಣೆಯ ಸುಶೀಲಾ ಹಂಚಿಕೊಂಡು ತಿನ್ನುತ್ತ, “ಎಲ್ಲಿ ನಿಮ್ಮ ಮಿಂಚು?” ಎಂದು ನಗುತ್ತಿದ್ದರು. ಬಯಲು ಕಂಡ ಬಿಜಲಿಗೆ ಹುಚ್ಚು ಹಿಡಿದಿತ್ತು. ಎದೆಯ ಪಟ್ಟಿ ಹರಿದುಹೋಗುವ ಹಾಗೆ ಜಗ್ಗುತ್ತ, ಅಳುವ ದನಿಯಲ್ಲಿ ಕೂಗುತ್ತ, ಎಡಗಾಲಿನ ನೋವನ್ನೇ ಮರೆತು ನಾಲ್ಕೂ ಕಾಲ ಮೇಲೆ ಕುಪ್ಪಳಿಸುತ್ತಿತ್ತು. ನೋಡು, ಅದಕ್ಕೇ ಬೇಕಾಗಿದೆ ಎಂದು ಯೋಗಿರಾಜನ ಒಳಗಿನಿಂದ ಯಾರೋ ಅಂದರು. ಆ ದನಿಗೆ ಅವನು ಒಂದು ಗಳಿಗೆ ಕಿವಿಗೊಟ್ಟ, ಅದರಷ್ಟು ಹಿತವಾದದ್ದು ಆ ಹೊತ್ತಿನಲ್ಲಿ ಬೇರೊಂದಿರಲಿಲ್ಲ. ಧನರಾಜ ಹಗ್ಗವನ್ನು ಸ್ಕೂಟರಿಗೆ ಬಿಗಿದು ಚಾಲೂ ಮಾಡಿದ. ಚನ್ನವೀರಪ್ಪನವರು ಅಳಿಯನನ್ನು ಕೈಹಿಡಿದು ತಂದು ದಾರಿಯ ಮಗ್ಗುಲಿಗೆ ನಿಲ್ಲಿಸಿದರು. ಹೊಸ ಅಂಗಿ, ಬಿಳಿ ಟೋಪಿ. ಯೋಗಿರಾಜ ಬಿಳಿ ಟಾವೆಲ್ ಹಿಡಿದ ಕೈಯನ್ನು ಮೇಲಕ್ಕೆತ್ತಿದ.

ಎತ್ತಿದ ಮೇಲೆ ಅವನಿಗೆ ತಿಳಿಯಿತು, ಇನ್ನು ಇಳಿಸುವ ಹಾಗಿಲ್ಲ. ಇಳಿಸಿದರೆ ಸ್ಕೂಟರು ಹೊರಡುತ್ತದೆ. ಕೈ ಮೇಲಿರುವವರೆಗೆ ಧನರಾಜ ಬಿಡುವುದಿಲ್ಲ, ಬಿಡುವ ಧೈರ್ಯವೇ ಅವನಿಗಿಲ್ಲ. ಎಲ್ಲರೂ ಕಾದರು. ಮುಹೂರ್ತ ನೋಡುತ್ತಿರಬೇಕೆಂದು ಯಾರೋ ಪಿಸುಗುಟ್ಟಿದರು. ಬಿಸಿಲು ಕಣ್ಣಿಗೆ ಹೊಡೆಯಿತು. ಹೆಗಲು ಜೋಮುಗಟ್ಟಿ, ಆಮೇಲೆ ನೋಯತೊಡಗಿ, ಕೈ ಸಣ್ಣಗೆ ನಡುಗಿತು. ಅದು ನಡುಗಿದಾಗೊಮ್ಮೆ ಧನರಾಜ ಸ್ಕೂಟರನ್ನು ಗುರ್ರೆನ್ನಿಸಿ, ಕೈ ಇಳಿಯದ್ದನ್ನು ಕಂಡು ತಡೆಯುತ್ತಿದ್ದ. ಕೈ ಇಳಿಸಿರಿ ಅನ್ನಲು ಅಲ್ಲಿದ್ದ ಅಷ್ಟು ದೊಡ್ಡ ದೊಡ್ಡ ವ್ಯಾಪಾರಿಗಳಲ್ಲಿ ಒಬ್ಬರಿಗೂ ಬಾಯಿರಲಿಲ್ಲ. ಬೇರೆಯವರ ಮನೆಯ ಅಳಿಯ. ಮಾವನವರ ಮುಖದಲ್ಲಿ ಮೊದಲು ನಗೆಯಿತ್ತು, ಆಮೇಲೆ ನಗೆಯ ಆಕಾರವಷ್ಟೇ ಉಳಿಯಿತು. ಯೋಗಿರಾಜ ಎತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ಸ್ಕೂಟರಿನ ಕಡೆ ನಡೆದ. ಬಗ್ಗಿ ಎಡಗೈಯಿಂದ ಕೀಲಿ ತಿರುಗಿಸಿ ಬಂದ್ ಮಾಡಿದ. ಆಮೇಲೆ ಎತ್ತಿದ ಕೈ ಇಳಿಸಿದ.

“ನನಗ ಕುನ್ನಿ ಬಗ್ಗಿ ಏನೂ ಗೊತ್ತಿಲ್ಲರಿ,” ಎಂದ. ದನಿ ತನ್ನದಲ್ಲವೆನ್ನುವಷ್ಟು ಜೋರಾಗಿ ಬಂತು. “ನಮ್ಮ ಮನ್ಯಾಗ ಕುನ್ನಿ ಸಾಕೇ ಇಲ್ಲ. ಅವತ್ತ ಸುಮ್ಮ ಏನರೆ ಹೇಳಬೇಕಂತ ಹೇಳಿದೆ. ಇದರ ಕಾಲಾಗ ಬಾವು ಬಂದದ. ಓಡಿಸಿದ್ರ ಸೊಟ್ಟ ಆಗ್ತದ.” ಒಬ್ಬರು ಫಕ್ಕನೆ ನಕ್ಕರು. ಇನ್ನೊಬ್ಬರು ಕೆಮ್ಮಿ ಮುಚ್ಚಿಕೊಂಡರು. “ಏಳ್ರಿ ಅಣ್ಣಾ, ಓಟ ಆತು,” ಎಂದು ಯಾರೋ ಡಬ್ಬಿ ಮುಚ್ಚಿದರು. ಅವನು ಮಾವನ ಕಡೆ ನೋಡಲಿಲ್ಲ. ಹಗ್ಗ ಬಿಚ್ಚಿ ಮರಿಯನ್ನು ಎತ್ತಿಕೊಂಡ. ಅದು ಬರೀ ಕಾಲೇ ಕಾಲು. ಒದ್ದಿತು, ಪರಚಿತು, ಬಯಲಿನ ಕಡೆ ಕತ್ತು ಚಾಚಿ ಚೀರಿತು. ಹೊಸ ಅಂಗಿಯ ಗುಂಡಿ ಕಿತ್ತುಬಿತ್ತು. ಮರಿಯ ಕಣ್ಣಿಗೆ ಅವನು ಉಪಕಾರಿಯಲ್ಲ, ಬಯಲಿನ ಬಾಗಿಲು ಹಾಕುವವನು. ಅವನು ಅದನ್ನು ಅವುಚಿಕೊಂಡು ಡಾಂಬರು ರಸ್ತೆಯ ಕಡೆ ನಡೆದ. ಹಿಂದಿನಿಂದ ಕಾರುಗಳು ಒಂದೊಂದಾಗಿ ಬಂದು ದೂಳೆಬ್ಬಿಸಿ ಮುಂದೆ ಹೋದವು.

ಕೊನೆಯ ಕಾರು ನಿಂತಿತು. ಚನ್ನವೀರಪ್ಪನವರು ಇಳಿದು ಬಂದರು. ಬೈಯುತ್ತಾರೆ ಎಂದುಕೊಂಡ. ಬೈಯಲಿ ಎಂದು ಬೇಡಿಕೊಂಡ. “ಯಾವ ಕಾಲು?” ಎಂದರು. “ಮುಂದಿಂದರಿ. ಎಡಕ್ಕಿಂದು.” ಅವರು ಇಸ್ತ್ರಿಯ ಧೋತರ ದೂಳಿಗೆ ಬಿಟ್ಟುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಮರಿಯನ್ನು ಕೆಳಗಿಳಿಸಿಕೊಂಡು, ಮಣಿಕಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಬಿಜಲಿ ಕುಂಯ್ ಎಂದು ಕಾಲು ಎಳೆದುಕೊಂಡಿತು. ಅವರು ಅಂಗಾಲು ತಿರುಗಿಸಿ ಬಹಳ ಹೊತ್ತು ನೋಡಿದರು. “ಯಾವಾಗ ಗೊತ್ತಾತು?”

ಈಗಷ್ಟೇ ಎನ್ನಬಹುದಿತ್ತು. ಇಂದು ಮುಂಜಾನೆ ಎನ್ನಬಹುದಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. “ಬುಧವಾರರಿ,” ಎಂದ ಯೋಗಿರಾಜ. “ಡಾಕ್ಟರಿಗಿ ತೋರಿಸಿದ್ದೆ.”

ಚನ್ನವೀರಪ್ಪನವರ ಕೈ ಮರಿಯ ಕಾಲಿನ ಮೇಲೆಯೇ ಉಳಿಯಿತು. “ಬುಧವಾರ,” ಎಂದರು. ಆಮೇಲೆ, ಅವನನ್ನು ನೋಡದೆ, “ಇವತ್ತ ಐತವಾರ,” ಎಂದರು.

ಎದ್ದು, ಮೊಣಕಾಲ ದೂಳು ಝಾಡಿಸಿಕೊಂಡು, ಕಾರಿನ ಹಿಂದಿನ ಬಾಗಿಲು ತೆರೆದು ನಿಂತರು. ಕಾರು ಸೊಲ್ಲಾಪುರದ ಕಡೆ ಹೊರಟಿತು. ಮಾಳ ಹಿಂದೆ ಸರಿಯುತ್ತಿದ್ದುದನ್ನು ಕಂಡ ಬಿಜಲಿ ಗಾಜಿಗೆ ಎಗರಿ ಎಗರಿ ಬೀಳುತ್ತಿತ್ತು. ಆ ಎಡಗಾಲು ಎಲ್ಲಿಯೂ ಬಡಿಯದಿರಲೆಂದು ಯೋಗಿರಾಜ ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡ. ಹಿಡಿದ ಆ ಕೈಯನ್ನು ಮರಿ ದಾರಿಯುದ್ದಕ್ಕೂ ಕಚ್ಚುತ್ತಲೇ ಇತ್ತು, ಅವನು ಬಿಡಲಿಲ್ಲ.